ಪರೀಕ್ಷಕರ ಮುಂದೆ ಚಿಕ್ಕಮ್ಮ

ನಲವತ್ತು ದಾಟಿದ ಮೇಲೆ ಪಿಎಚ್‌.ಡಿ.ಗೆ ಸೇರುವವರಿಗೆ ಯಾರೂ ಬುದ್ಧಿ ಹೇಳಬಾರದು, ಹೇಳಿದರೂ ಅವರು ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಮದುಕ್ಕರೈ ಹತ್ತಿರದ ಒಂದು ಬಿ.ಎಡ್. ಕಾಲೇಜಿನಲ್ಲಿ ಪಾಠ ಹೇಳಿಕೊಂಡು, ಕೊಯಮತ್ತೂರಿನ ಆರ್.ಎಸ್. ಪುರಂನ ಮನೆಯಲ್ಲಿ ಅಮ್ಮ ಮಾಡಿದ ರಸ ಉಂಡುಕೊಂಡು ಸುಖವಾಗಿದ್ದವಳು, ತೌಲನಿಕ ಮತ್ತು ಅಂತರರಾಷ್ಟ್ರೀಯ ಶಿಕ್ಷಣ ಎಂಬ ವಿಷಯಕ್ಕೆ ಹೋಗಿ ತಲೆ ಕೊಟ್ಟೆ.

ನನ್ನ ಪ್ರಶ್ನೆ ಸರಳವಾಗಿತ್ತು. ತಲೆಮಾರುಗಳಿಂದ ಕೊಯಮತ್ತೂರಿನ ಸೀಮೆಯಲ್ಲೇ ಇದ್ದು, ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಎಂದು ಬದುಕುವ ನಮ್ಮಂಥ ಮನೆಗಳ ಮಗು ಮೊದಲ ಸಲ ಶಾಲೆಗೆ ಹೋದಾಗ ಅದಕ್ಕೆ ಏನಾಗುತ್ತದೆ? ವಿಶ್ವವಿದ್ಯಾಲಯದ ಸಂಶೋಧನಾ ಸಮಿತಿಯವರು, ಇದರಲ್ಲಿ ಇನ್ನೊಂದು ದೇಶ ಎಲ್ಲಿದೆ ಎಂದರು. ಕರ್ನಾಟಕದ ಶಾಲೆಗಳ ಜೊತೆ ಹೋಲಿಸುತ್ತೇನೆ ಎಂದೆ. ಕರ್ನಾಟಕ ಹೊರದೇಶವಲ್ಲ ಎಂದು ತಿಳಿಸಿದರು, ನನಗೆ ಗೊತ್ತಿರಲಿಲ್ಲ ನೋಡಿ. ನನ್ನ ಮಾರ್ಗದರ್ಶಕಿ ಫಿನ್ಲೆಂಡ್ ಸೇರಿಸು ಎಂದರು, ಎಲ್ಲರೂ ಅದನ್ನೇ ಸೇರಿಸುತ್ತಾರಂತೆ. ಸೇರಿಸಿದೆ. ಮುಂದಿನ ಸಭೆಯಲ್ಲಿ ಅದೇ ಸಮಿತಿ ಫಿನ್ಲೆಂಡ್ ಯಾಕೆ ಎಂದು ಕೇಳಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು, ನಡುವೆ ನನ್ನ ಕತ್ತು ನೋಯಿತು. ಕೊನೆಗೆ ಮಲೇಷ್ಯಾಕ್ಕೆ ಎಲ್ಲರೂ ಒಪ್ಪಿದರು.

ಆಮೇಲೆ ಬಂತು ಭಾಷೆಯ ನಿಯಮ. ಯಾರನ್ನು ಕುರಿತು ಸಂಶೋಧನೆಯೋ ಅವರ ಮನೆಮಾತು ಸಂಶೋಧಕರಿಗೆ ಬರುತ್ತದೆಂದು ಸಾಬೀತು ಮಾಡಬೇಕು. ಒಂದೋ ಬರವಣಿಗೆಯ ಪರೀಕ್ಷೆ, ಇಲ್ಲವೇ ಪರೀಕ್ಷಕರೊಬ್ಬರ ಎದುರಿಗೆ ಆ ಮಾತಿನಲ್ಲಿ ಒಂದು ಸಂದರ್ಶನ. ಕನ್ನಡ ನನ್ನ ತಾಯಿಮಾತು, ಆದರೆ ಆಗ ನನಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಶಾಲೆಯಲ್ಲಿ ಕಲಿತದ್ದು ತಮಿಳು ಮತ್ತು ಇಂಗ್ಲಿಷು. ಈ ಅಕ್ಷರಗಳೆಲ್ಲ ಆಮೇಲೆ ಸಿಟ್ಟಿನಲ್ಲಿ ಕಲಿತವು. ಹಾಗಾಗಿ ಸಂದರ್ಶನವನ್ನೇ ಆರಿಸಿಕೊಂಡೆ. ಅದು ಕೆಟ್ಟರೆ ನೋಂದಣಿ ಖಾಯಂ ಆಗುವುದಿಲ್ಲ, ಇಡೀ ಒಂದು ವರ್ಷ ನೀರಿನಲ್ಲಿ ಹೋಮ.

ಕೆಡುವುದು ಹೇಗೆ ಸಾಧ್ಯ? ಕರುಮತ್ತಂಪಟ್ಟಿಯಲ್ಲಿ ಅಮ್ಮನ ತಂಗಿ ಇದ್ದಾಳೆ. ಮನೆಯ ಹಿಂದೆ ಪವರ್‌ಲೂಮ್ ಶೆಡ್ಡು. ಆ ಮಗ್ಗಗಳ ಸದ್ದನ್ನೂ ಮೀರಿಸಿ ದಿನವಿಡೀ ಕನ್ನಡ ಆಡುವವಳು. ಪ್ರೊಫೆಸರೊಬ್ಬರು ಬರುತ್ತಾರೆ, ಯಾವಾಗಲೂ ಮಾತಾಡುವ ಹಾಗೆ ಮಾತಾಡು ಎಂದು ಫೋನಿನಲ್ಲಿ ಹೇಳಿಟ್ಟೆ. ಆಗಲಿ ಎಂದಳು.

ಪರೀಕ್ಷಕರು ನಿವೃತ್ತ ತಮಿಳು ಪ್ರೊಫೆಸರು. ತಮಗೆ ಕನ್ನಡ ತಿಳಿಯದು, ನೀವು ಆಡುವುದು ತಮಿಳಲ್ಲ ಎಂದು ತಿಳಿದರೆ ಸಾಕು, ಉಳಿದದ್ದನ್ನು ಧ್ವನಿಮುದ್ರಣ ಕೇಳಿ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದರು. ಚಿಕ್ಕಮ್ಮ ಹೊಸ ಸೀರೆ ಉಟ್ಟು, ಮಗ್ಗ ನಿಲ್ಲಿಸಿ, ಕಾಫಿ ಮುರುಕು ಇಟ್ಟುಕೊಂಡು ಕಾದಿದ್ದಳು. ಚಿಕ್ಕಂದಿನಲ್ಲಿ ಶಾಲೆಗೆ ಹೋದದ್ದು ನೆನಪಿದೆಯಾ ಎಂದು ನಾನು ಕನ್ನಡದಲ್ಲಿ ಕೇಳಿದೆ. ಅವಳು ಪ್ರೊಫೆಸರ ಮುಖ ನೋಡಿಕೊಂಡು, ಅತಿ ಮರ್ಯಾದೆಯ ತಮಿಳಿನಲ್ಲಿ ಉತ್ತರ ಕೊಟ್ಟಳು. ಮತ್ತೆ ಕೇಳಿದೆ, ಮತ್ತೆ ತಮಿಳು. ಕಣ್ಸನ್ನೆ ಮಾಡಿದೆ, ಕಾಲು ತುಳಿದೆ. ಕೊನೆಗೆ ಬಾಯಿಬಿಟ್ಟೇ ಕನ್ನಡದಲ್ಲಿ ಹೇಳು ಎಂದೆ. ಹುಡುಗಿ ಓದಿ ಓದಿ ಹೀಗಾಗಿದ್ದಾಳೆ, ತಪ್ಪು ತಿಳಿಯಬೇಡಿ ಎಂದು ಅವಳು ಪ್ರೊಫೆಸರಿಗೆ ತಮಿಳಿನಲ್ಲೇ ಸಮಾಧಾನ ಹೇಳಿದಳು. ಅವರು ಏನೋ ಬರೆದುಕೊಂಡರು. ನನಗೆ ಅಳು ಬಂತು.

ಅವರು ಕೈ ತೊಳೆಯಲು ಹೊರಗೆ ಹೋದದ್ದೇ ತಡ, ಅಡುಗೆಮನೆಯಲ್ಲಿ ನಮ್ಮ ಮನೆಯ ತಮಿಳು ಬೆರೆತ ಕನ್ನಡ ಸುರಿಯಿತು.

"ಮನೆಗೆ ಬಂದ ವಿರುಂದಾಳಿ ಮುಂದೆ ಅವ್ರಿಗೆ ತಿಳೀದ ಪೇಚ್ಚು ಪೇಸ್ತಾರಾ? ಅವ್ರನ್ನೇ ಏನೋ ಬಯ್ಕೊಂತಿದೀವಿ ಅಂತ ನೆನಸ್ಮಾಟಾರಾ? ನಿಮ್ಮಮ್ಮ ಇದೇನಾ ಕಲಿಸಿದ್ದು?"

ಅತಿಥಿಗೆ ತಿಳಿಯದ ಮಾತಾಡಿದರೆ ತಮ್ಮನ್ನೇ ಬೈಯುತ್ತಿದ್ದಾರೆ ಎಂದುಕೊಳ್ಳುವುದಿಲ್ಲವೇ ಎಂಬುದು ಅವಳ ಮಾತು. ಅವರು ಬಂದದ್ದೇ ನಿನ್ನ ಕನ್ನಡ ಕೇಳಲು ಎಂದೆ. ಹಾಗಾದರೆ ಮೊದಲು ಕಲಿತು ಬರಲಿ ಎಂದಳು. ಇದಾದರೂ ಅವರ ಕಿವಿಗೆ ಬೀಳಲಿ ಎಂದು ಪ್ರೊಫೆಸರನ್ನು ಕೂಗಿದೆ. ಅವರು ಅಡುಗೆಮನೆಯ ಬಾಗಿಲಿಗೆ ಬಂದ ಕ್ಷಣವೇ ಚಿಕ್ಕಮ್ಮನ ಬೈಗುಳ ಅರ್ಧದಲ್ಲಿ ನಿಂತು, ಇನ್ನೊಂದು ಲೋಟ ಕಾಫಿ ತೆಗೆದುಕೊಳ್ಳಿ ಎಂಬ ತಮಿಳಾಯಿತು.

ಪ್ರೊಫೆಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರಿನಲ್ಲಿ ಹಿಂದಿರುಗುವಾಗ ಅವಿನಾಶಿ ರಸ್ತೆಯುದ್ದಕ್ಕೂ ಲಾರಿಗಳ ಮೇಲೆಲ್ಲ ನನ್ನ ಸಿಟ್ಟು ತೀರಿಸಿಕೊಂಡೆ. ಮನೆಯಲ್ಲಿ ಇವರು ಕನ್ನಡ ಆಡುವುದಕ್ಕೆ ಪುರಾವೆ ಸಿಗಲಿಲ್ಲ ಎಂದು ಬರೆಯಬೇಕಾಗುತ್ತದೆ ಎಂದು ಪ್ರೊಫೆಸರು ಸಂಕೋಚದಿಂದಲೇ ಹೇಳಿದರು. ಅವರದು ತಪ್ಪಿರಲಿಲ್ಲ, ಅದರಿಂದ ಇನ್ನೂ ಉರಿಯಿತು. ಇದೆಲ್ಲ ಹಳ್ಳಿಯ ಹಳಬರ ಅಭ್ಯಾಸ ಸರ್ ಎಂದೆ. ಓದಿದವರಲ್ಲಿ ಈ ನಾಚಿಕೆ ಇಲ್ಲ, ನಾನೂ ನಮ್ಮಮ್ಮನೂ ಯಾರಿರಲಿ ಬಿಡಲಿ ಕನ್ನಡವೇ ಆಡುವುದು, ಬೇಕಾದರೆ ಅದನ್ನು ಬರೆದುಕೊಳ್ಳಿ ಎಂದೆ. ಅವರು ಒಳ್ಳೆಯವರು. ನಿಮ್ಮಮ್ಮನ ಜೊತೆಗಿನ ಮಾತು ಕೇಳಿಸಿದರೂ ಆದೀತು, ಅದನ್ನೇ ಸಂದರ್ಶನ ಎಂದು ಹಾಕಿಕೊಳ್ಳೋಣ ಎಂದು ಪೆನ್ನು ತೆಗೆದರು. ಹೋದ ಜೀವ ಬಂದಂತಾಯಿತು. ಮನೆಗೇ ಕರೆದುಕೊಂಡು ಹೋಗುತ್ತೇನೆ ಎಂದು ಹೇಳುತ್ತಿದ್ದಾಗ ಎದುರಿನ ಬಸ್ಸು ತಟ್ಟನೆ ನಿಂತಿತು, ನಾನು ಬ್ರೇಕು ಒತ್ತಿದೆ, ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಕಾರಿನ ಸ್ಪೀಕರಿನಲ್ಲಿ ಅಮ್ಮ.

"ಅಮ್ಮಾ, ವಂದುಟ್ಟೇ ಇರುಕ್ಕೇನ್," ಎಂದು ತಮಿಳಿನಲ್ಲಿ ಅಂದುಬಿಟ್ಟೆ. ಬರ್ತಾ ಇದೀನಿ ಎಂಬಷ್ಟೇ ಮಾತು, ಹುಟ್ಟಿದಾಗಿನಿಂದ ಅವಳ ಹತ್ತಿರ ಕನ್ನಡದಲ್ಲೇ ಆಡಿದ್ದು.

ಅಮ್ಮ ಚಿಕ್ಕಮ್ಮನಿಗಿಂತ ಮರ್ಯಾದೆಯ ತಮಿಳಿನಲ್ಲಿ, ಪಕ್ಕದಲ್ಲಿ ಯಾರು ಕೂತಿದ್ದಾರಮ್ಮ ಎಂದು ಕೇಳಿದಳು.