ಲಕ್ಷದೊಳಗೆ ಮೂರಕ್ಕೆ ಜಾಗವಿಲ್ಲ

ಹೇರೂರಿನ ದಾಕ್ಷಾಯಿಣಿ ಹಲಸಿನ ಹಣ್ಣು ಬಿಡಿಸಿದರೂ ತೊಳೆ ಎಣಿಸಿಯೇ ಹಂಚುವವಳು. ಒಂದೇ ಅಂಗಳಕ್ಕೆ ಮೂರು ಅಡುಗೆಮನೆಗಳಾದ ಹೊಸತರಲ್ಲಿ, ಹಿರಿಸೊಸೆಯಾದ ಅವಳು ತನ್ನ ಕಡೆಗೇ ಜಾಸ್ತಿ ಎಳೆದುಕೊಳ್ಳುತ್ತಾಳೆ ಎಂಬ ಮಾತು ಕಿವಿಗೆ ಬಿದ್ದಿತ್ತು. ಅಂದಿನಿಂದ ಬಂದ ಅಭ್ಯಾಸ ಅದು.

ಅತ್ತೆಗೆ ಹೃದಯದ ಆಪರೇಶನ್ ಆದ ದಿನ ಅವಳು ದೇವರ ಮುಂದೆ ಹರಕೆ ಹೊತ್ತಳು: ಲಕ್ಷ ಬತ್ತಿ ಹಚ್ಚುತ್ತೇವೆ, ಮೂವರು ಸೊಸೆಯರೂ ಸಮಸಮವಾಗಿ ಹೊಸೆಯುತ್ತೇವೆ. ಅತ್ತೆ ಗುಣವಾಗಿ ಮನೆಗೆ ಬಂದರು. ಬತ್ತಿ ಹೊಸೆಯಲು ಪಾಲು ಹಾಕುವಾಗ ಮಾತ್ರ ಲೆಕ್ಕ ಕೈಕೊಟ್ಟಿತು.

"ತಲಾ ಮೂವತ್ಮೂರು ಸಾವಿರದ ಮುನ್ನೂರಾ ಮೂವತ್ಮೂರು. ಒಂದು ಉಳಿತು ಅಕ್ಕಯ್ಯಾ" ಎಂದಳು ನಡುವಿನ ಸೊಸೆ ಪರಿಮಳಾ. ಅವಳು ಸಿದ್ದಾಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುವವಳು.

"ಅಷ್ಟು ದೊಡ್ಡ ಸಂಖ್ಯೆ, ಮೂರು ಪಾಲು ಆಗ್ತಿಲ್ಲೆ ಅಂದ್ರೆ ಎಂತ?"

"ಎರಡನ್ನ ಐದು ಸಲ, ಐದನ್ನ ಐದು ಸಲ ಗುಣಿಸಿದ್ರೆ ಲಕ್ಷ. ಅದರೊಳಗೆ ಮೂರಕ್ಕೆ ಜಾಗವೇ ಇಲ್ಲೆ."

"ಕೋಟಿ ಆದ್ರೆ?"

"ಸೊನ್ನೆ ಎಷ್ಟು ಸೇರಿಸಿದ್ರೂ ಕಡೆಗೆ ಒಂದು ಉಳಿತು."

ಕಿರಿಯವಳು ನಮಿತಾ ಕಿಸಕ್ಕನೆ ನಕ್ಕಳು. "ಭಾವಯ್ಯಂಗೆ ಇನ್ನೊಂದು ಮದುವೆ ಮಾಡಿಸನ ಅಕ್ಕಯ್ಯಾ. ನಾಲ್ಕು ಜನ ಆದ್ರೆ ಸರೀ ಹೋಗ್ತು!"

ದಾಕ್ಷಾಯಿಣಿಗೆ ನಗು ಬರಲಿಲ್ಲ. ಹರಿವಾಣದಲ್ಲಿ ಹುರುಳಿ ಸುರಿದು ನೋಡಿದಳು. ಹತ್ತು ಕಾಳಿಗೆ ಮೂರು ಗುಂಪು, ಒಂದು ಉಳಿಯಿತು. ನೂರಕ್ಕೂ ಒಂದೇ. ಸಾವಿರ ಎಣಿಸುವಷ್ಟರಲ್ಲಿ ತಲೆ ಗಿರ್ರೆಂದಿತು, ಅಲ್ಲಿಯೂ ಅದೇ ಒಂಟಿ ಕಾಳು. ಆ ಒಂದನ್ನು ಹೊಸೆದರೆ ಸಮಪಾಲಿನ ಮಾತು ತಪ್ಪಿತು. ಬಿಟ್ಟರೆ ಲಕ್ಷ ತಪ್ಪಿತು. ದೇವರಿಗೆ ಹೇಳಿಕೊಂಡ ಎರಡು ಮಾತು ಒಂದಕ್ಕೊಂದು ಆಗಿಬರುವುದಿಲ್ಲ ಎಂದರೆ ಯಾವುದನ್ನು ಉಳಿಸಿಕೊಳ್ಳುವುದು? ಉಳಿದೊಂದನ್ನು ದೇವರೇ ನೋಡಿಕೊಳ್ಳಲಿ ಎಂದು ಮೂವರೂ ಕೆಲಸ ಹಿಡಿದರು.

ಕಾರ್ತಿಕದಲ್ಲಿ ದೀಪದ ದಿನ ಬಂತು. ತುಪ್ಪದಲ್ಲಿ ನೆನೆದ ಬತ್ತಿಗಳು ದೊಡ್ಡ ಬಾಣಲೆಯಲ್ಲಿ ರಾಶಿಯಾಗಿದ್ದವು. ದಾಕ್ಷಾಯಿಣಿ ಸೆರಗಿನ ತುದಿಯ ಗಂಟು ಬಿಚ್ಚಿದಳು. ಅಲ್ಲೊಂದು ಬತ್ತಿಯಿತ್ತು. ಲಕ್ಷಕ್ಕೆ ಕಡಿಮೆಯಾಗುವುದು ಬೇಡ, ದೋಷ ಬಂದರೆ ತನ್ನ ತಲೆಗೇ ಇರಲಿ ಎಂದು ಯಾರಿಗೂ ಹೇಳದೆ ಹೊಸೆದದ್ದು. ಅದನ್ನು ರಾಶಿಯ ಮೇಲಿಡುವಾಗ ಪಕ್ಕದಲ್ಲಿ ಇನ್ನೊಂದು ಬತ್ತಿ ಬಿತ್ತು. ತಲೆಯೆತ್ತಿದರೆ ಪರಿಮಳಾ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದಾಳೆ. ನಮಿತಾ ಮುಷ್ಟಿ ತೆರೆದಳು, ಅದರಲ್ಲೂ ಒಂದು.

"ಅಯ್ಯೋ, ನೀನೂವಾ?"

"ನಿಂಗ ಇಬ್ರೂವಾ?" ಎಂದಳು ನಮಿತಾ.

ಈಗ ಮೂವರದೂ ಸಮ. ಆದರೆ ಲಕ್ಷಕ್ಕೆ ಎರಡು ಜಾಸ್ತಿ. ತೆಗೆದರೆ ಯಾರ ಎರಡನ್ನು ತೆಗೆಯುವುದು? ದಾಕ್ಷಾಯಿಣಿ ಬಾಣಲೆಯನ್ನೇ ನೋಡುತ್ತ ನಿಂತಳು.

"ಎಂತ ನೋಡ್ತೆ, ಹಚ್ಚೇ ಮಾರಾಯ್ತಿ" ಎಂದರು ಕುರ್ಚಿಯಲ್ಲಿ ಕೂತ ಅತ್ತೆ.

ಮಂತ್ರ ನಿಲ್ಲಿಸಿ ಪುರೋಹಿತರು ಕೇಳಿದರು: "ಲಕ್ಷ ಆತಾ ತಂಗೀ?"

"ಸಮ ಆತು" ಎಂದು ದಾಕ್ಷಾಯಿಣಿ ದೀಪ ಮುಟ್ಟಿಸಿದಳು.