ಒಂದೇ ಬಟನ್ನಿನ ಆ್ಯಪ್

ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ಮನೆ, ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ನು. ಮಗಳು ಯುಕೆಜಿ. ಮಧ್ಯಾಹ್ನ ಸ್ಕೂಲ್ ವ್ಯಾನ್ ತಿರುವಿಗೆ ಬಂದಾಗ ಡ್ರೈವರ್ ಚಾಚಾ ಎರಡು ಸಲ ಹಾರ್ನ್ ಹೊಡೆಯುತ್ತಾರೆ. ಬೀದಿಯ ತಾಯಂದಿರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬರುತ್ತಾರೆ. ವ್ಯಾನ್ ಬರುವುದು ಮೂರೂವರೆಯ ಮೇಲೆ ಯಾವಾಗಲಾದರೂ. ಅಕ್ಕ ಮಾತ್ರ ಮೂರಕ್ಕೇ ಗೇಟಿನಲ್ಲಿ. ಅರ್ಧ ಹೊಲಿದ ಬ್ಲೌಸು ಒಳಗೆ ಸೂಜಿಯ ಕೆಳಗೆ ಹಾಗೇ ಇರುತ್ತಿತ್ತು.

ನಾನು ಶಿವಮೊಗ್ಗದ ವಿದ್ಯಾನಗರದಲ್ಲಿ ಕೂತು ಮೊಬೈಲ್ ಆ್ಯಪ್ ಮಾಡುವವಳು. ಊರವರಿಗೆಲ್ಲ ಮಾಡಿಕೊಟ್ಟು ಒಡಹುಟ್ಟಿದವಳಿಗೆ ಏನೂ ಮಾಡಿರಲಿಲ್ಲ ಎಂಬುದು ಒಂದು ದಿನ ಅವಳ ಜೊತೆ ಬಿಸಿಲಲ್ಲಿ ನಿಂತಾಗ ಚುಚ್ಚಿತು. ವ್ಯಾನ್ ಬಂದದ್ದನ್ನು ಅವಳಿಗೆ ತಿಳಿಸುವ ಆ್ಯಪನ್ನು ಹುರುಪಿನಲ್ಲಿ ಶುರು ಮಾಡಿದೆ. ಮ್ಯಾಪು, ಹಾಜರಿ, ಹೋಂವರ್ಕು, ತಾಯಂದಿರ ಚಾಟು, ಸಾಲದ್ದಕ್ಕೆ ಹುಟ್ಟುಹಬ್ಬದ ಶುಭಾಶಯ.

ಚಾಚಾ ಫೋನನ್ನು ದೂರ ಹಿಡಿದು ನೋಡಿದರು. "ಇಷ್ಟೆಲ್ಲ ಯಾರಿಗಮ್ಮಾ? ಗಾಡಿ ಓಡಿಸ್ಲೋ, ಇದನ್ನ ಒತ್ತುತಾ ಕೂರ್ಲೋ? ನಿಮ್ಮಕ್ಕ ಕೂತ್ಕೊಂಡು ಹೊಲೀಬೇಕು. ಅಷ್ಟೇ ತಾನೆ?"

ಸಿಟ್ಟು ಬಂತು, ನಿಜ ಹೇಳಿದವರ ಮೇಲೆ ಬರುವ ಸಿಟ್ಟು. ಮನೆಗೆ ಬಂದು ಒಂದೊಂದನ್ನೇ ಕಿತ್ತುಹಾಕಿದೆ. ಉಳಿದದ್ದು ಚಾಚಾನ ಫೋನಿನಲ್ಲಿ ಒಂದು ದೊಡ್ಡ ಬಟನ್: 'ತಿರುವಿಗೆ ಬಂದೆ'. ಒತ್ತಿದರೆ ಅಕ್ಕನ ಫೋನು ಅದುರಬೇಕು, ಸ್ಕ್ರೀನ್ ಆಫ್ ಆಗಿದ್ದರೂ. ಅದಕ್ಕೇ ವೆಬ್‌ಸೈಟ್ ಸಾಲದು, ಫೋನಿಗೆಂದೇ ಬರೆದ ಆ್ಯಪ್ ಬೇಕಿತ್ತು. ನನ್ನ ಅಂಗೈಯಲ್ಲಿಟ್ಟುಕೊಂಡು ಹತ್ತು ಸಲ ಪರೀಕ್ಷೆ ಮಾಡಿದೆ.

ಮೊದಲ ದಿನವೇ ಕೈಕೊಟ್ಟಿತು. ಅಕ್ಕ ನನ್ನನ್ನು ನಂಬಿ ಹೊಲಿಯಲು ಕೂತಿದ್ದಳು, ಫೋನು ಮೆಷಿನ್ನಿನ ಹಲಗೆಯ ಮೇಲೆ. ಪಕ್ಕದ ಮನೆಯವರು ಒಳಗೆ ಹೋಗಿ ಭುಜ ತಟ್ಟಿದ ಮೇಲೆ ಓಡಿಬಂದಳಂತೆ. ಅಷ್ಟರಲ್ಲಿ ಮಗು ವ್ಯಾನಿನಲ್ಲಿ ಬಿಕ್ಕುತ್ತಿತ್ತು. ಮರುದಿನ ಮೂರಕ್ಕೆ ಅಕ್ಕ ಮತ್ತೆ ಗೇಟಿನಲ್ಲಿ.

ಹೋಗಿ ಅವಳ ಸ್ಟೂಲಿನ ಮೇಲೆ ಕೂತು ಮೆಷಿನ್ ತುಳಿದೆ. ಇಡೀ ಹಲಗೆಯೇ ಗಡಗಡ ನಡುಗಿತು. ಅದರಲ್ಲಿ ಫೋನಿನ ಅದುರಾಟ ಯಾರಿಗೆ ತಿಳಿಯಬೇಕು? ಅಕ್ಕ ನನ್ನ ತಲೆಗೊಂದು ಮೊಟಕಿ, ಗೋಡೆಯ ಸ್ವಿಚ್ ತೋರಿಸಿ, ಮುಷ್ಟಿಯನ್ನು ಎರಡು ಸಲ ಬಿಚ್ಚಿ ಮುಚ್ಚಿದಳು.

ಚಿಕ್ಕಂದಿನಲ್ಲಿ ಅವಳನ್ನು ಕರೆಯಬೇಕಾದರೆ ನಾವು ಲೈಟನ್ನು ಎರಡು ಸಲ ಹಾಕಿ ಆರಿಸುತ್ತಿದ್ದೆವು. ಅಮ್ಮ ಊಟಕ್ಕೆ ಕರೆಯುತ್ತಿದ್ದದ್ದೂ ಹಾಗೆಯೇ. ಅದನ್ನೇ ಮರೆತಿದ್ದೆ ನಾನು. ನಾಚಿಕೆಯಾಯಿತು, ಅಳುವೂ ಬಂತು. ಅಲ್ಲೇ ಕೂತು ಬರೆದೆ: ಚಾಚಾ ಒತ್ತಿದರೆ ಹಲಗೆಯ ಮೇಲೆ ಬೋರಲಿಟ್ಟ ಅಕ್ಕನ ಫೋನಿನ ಟಾರ್ಚು ಎರಡೆರಡು ಸಲ ಮಿನುಗಬೇಕು, ಅವಳು ಕೈಗೆತ್ತಿಕೊಳ್ಳುವ ತನಕ.

ಸೋಮವಾರ ನಾನೂ ವ್ಯಾನಿನಲ್ಲಿದ್ದೆ. ತಿರುವಿನಲ್ಲಿ ಚಾಚಾ ನಿಲ್ಲಿಸಿ ಹಾರ್ನ್ ಹೊಡೆದರು, ಬಟನ್ ಒತ್ತಿದರು. ಮುಂದೆ ಹೋದರೆ ಗೇಟು ಖಾಲಿ. ಅದು ಖಾಲಿ ಇದ್ದದ್ದನ್ನು ನಾನೆಂದೂ ಕಂಡಿರಲಿಲ್ಲ, ಸೀಟಿನಿಂದ ಅರ್ಧ ಎದ್ದೆ.

"ಬರ್ತಾರೆ ತಗೊಳ್ಳಮ್ಮಾ" ಎಂದ ಚಾಚಾ ತಡೆಯಲಾರದೆ ಇನ್ನೊಮ್ಮೆ ಹಾರ್ನ್ ಹೊಡೆದರು.

"ಯಾರಿಗೆ ಕೇಳ್ಲಿ ಅಂತ ಹೊಡೀತೀರಿ ಚಾಚಾ?"

ಬಾಗಿಲು ತೆರೆಯಿತು. ಕೊರಳಲ್ಲಿ ಟೇಪು, ಸೆರಗಿನ ತುಂಬ ದಾರದ ಚೂರು. ಅಕ್ಕ ಓಡಲಿಲ್ಲ. ಬೀದಿಯ ಉಳಿದ ತಾಯಂದಿರ ಹಾಗೆ, ಚಪ್ಪಲಿ ಮೆಟ್ಟಿಕೊಂಡು, ನಿಧಾನವಾಗಿ ನಡೆದು ಬಂದಳು.