ಬಾಲದಕ್ಕ ಹಿಡಿದ ವಿಮಾನ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮೂರು ಮೆಟ್ಟಿಲಿನ ಕಬ್ಬಿಣದ ಏಣಿಯ ಮೇಲೆ ನಿಂತು ಹೆಂಗಸೊಬ್ಬರು ರೆಕ್ಕೆಯ ಮೇಲಿನ ಇಬ್ಬನಿ ಒರೆಸುತ್ತಿದ್ದಾರೆ. ಕೈಯಲ್ಲಿರುವುದು ಹಳೆಯ ಬನಿಯನ್ನಿನ ತುಂಡು. ಒದ್ದೆಯಾದಾಗ ಹಿಂಡುತ್ತಾರೆ, ಇಳಿದು ಏಣಿಯನ್ನು ಒಂದು ಮಾರು ಆಚೆ ಸರಿಸುತ್ತಾರೆ, ಮತ್ತೆ ಹತ್ತುತ್ತಾರೆ. ರೆಕ್ಕೆಯೆಂದರೆ ತಗಡಲ್ಲ, ಚೌಕಟ್ಟಿಗೆ ಬಿಗಿದು ಬಣ್ಣ ಬಳಿದ ಬಟ್ಟೆ. ಒತ್ತಿ ಉಜ್ಜುವ ಹಾಗಿಲ್ಲ. ಹಸುಗೂಸಿನ ಬೆನ್ನು ಒರೆಸಿದ ಹಾಗೆ ಒರೆಸಬೇಕು.

ಊರಂಚಿನ ಈ ಹುಲ್ಲಿನ ಮೈದಾನದಲ್ಲಿ ನಿಲ್ಲುವುದು ನಾಲ್ಕೋ ಐದೋ ವಿಮಾನ. ಎಲ್ಲವೂ ಸ್ವಂತದವು, ಎಲ್ಲವೂ ಪುಟ್ಟವು. ಇಲ್ಲಿ ಈ ಹೆಂಗಸನ್ನು ಎಲ್ಲರೂ ಕರೆಯುವುದು ಬಾಲದಕ್ಕ ಎಂದೇ. ಕುಚೋದ್ಯಕ್ಕೆ ಇಟ್ಟ ಹೆಸರು, ಈಗ ಮೈಗಂಟಿಬಿಟ್ಟಿದೆ. ಅವರು ನೋಡಿಕೊಳ್ಳುವ ಹಳದಿ ವಿಮಾನಕ್ಕೆ ಎರಡೇ ಸೀಟು, ಒಂದರ ಹಿಂದೆ ಒಂದು. ಮುಂದೆ ಎರಡು ದೊಡ್ಡ ಗಾಲಿ, ಹಿಂದೆ ಬಾಲದ ಕೆಳಗೆ ಆಟದ ಗಾಡಿಯದರಷ್ಟು ಪುಟ್ಟ ಗಾಲಿ. ಹಾರುವ ಮುಂಚೆ ಇಂಜಿನ್ನನ್ನು ಪೂರ್ತಿ ಜೋರಾಗಿ ಓಡಿಸಿ ನೋಡಬೇಕು. ಗಾಲಿಗೆ ಮರದ ತುಂಡು ಕೊಟ್ಟು ತಡೆದಿದ್ದರೂ ಆ ರಭಸಕ್ಕೆ ಬಾಲ ಮೇಲೆದ್ದು ಮೂತಿ ನೆಲಕ್ಕೆ ಬಡಿಯಬಹುದು. ಬ್ರೇಕು ಹಳೆಯದು, ನಂಬುವ ಹಾಗಿಲ್ಲ. ಅದಕ್ಕೇ ಯಾರಾದರೂ ಬಾಲದ ಬುಡಕ್ಕೆ ಒರಗಿ ಭಾರ ಹಾಕಬೇಕು. ಇಪ್ಪತ್ತು ವರ್ಷದಿಂದ ಆ ಭಾರವೇ ಬಾಲದಕ್ಕ.

ಇವತ್ತು ಆ ವಿಮಾನ ಮಾರಾಟವಾಗಿ ಹೋಗುತ್ತಿದೆ. ಕೊಂಡವರು ಬಂದು ತಾವೇ ಹಾರಿಸಿಕೊಂಡು ಹೋಗುತ್ತಾರೆ. ಇಷ್ಟು ವರ್ಷ ಬಾಲ ಹಿಡಿದ ಬಾಲದಕ್ಕ ಒಂದು ಸಲವೂ ಅದರಲ್ಲಿ ಕೂತು ನೆಲ ಬಿಟ್ಟವರಲ್ಲ.

"ಆಸೆ ಇಲ್ವಾ ಅಂತ ಕೇಳ್ಬೇಡಿ. ಹಸಿವಿಲ್ವಾ ಅಂತ ಅಡುಗೆಯವಳನ್ನ ಕೇಳಿದ ಹಾಗಾಗತ್ತೆ," ಎನ್ನುತ್ತಾರೆ, ಏಣಿಯಿಂದ ಇಳಿಯುತ್ತ.

ವಿಮಾನದ ಮಾಲೀಕರು ಹಲ್ಲಿನ ಡಾಕ್ಟರು. ಬಾಲದಕ್ಕ ಅವರ ಆಸ್ಪತ್ರೆಯಲ್ಲಿ ಕುರ್ಚಿ, ಇಕ್ಕಳ, ಕನ್ನಡಿ ತೊಳೆದಿಡುವ ಕೆಲಸಕ್ಕೆ ಸೇರಿದವರು. ಡಾಕ್ಟರು ಮಧ್ಯವಯಸ್ಸಿನಲ್ಲಿ ಹಾರಾಟ ಕಲಿತು ಈ ಹಳೆಯ ವಿಮಾನ ಕೊಂಡಾಗ, ಒರೆಸಿ ಇಡಲು ಇಂಥ ಹಗುರ ಕೈಯೇ ಬೇಕೆಂದು ಅವರನ್ನು ಇಲ್ಲಿಗೂ ಕರೆತಂದರು. ಒಂದು ದಿನ ಬಾಲಕ್ಕೆ ಒರಗುತ್ತಿದ್ದ ಕಾವಲುಗಾರ ಬರಲಿಲ್ಲ. "ಅಮ್ಮಾ, ಇಲ್ಲಿ ಸ್ವಲ್ಪ ತಬ್ಕೊಂಡು ನಿಲ್ತೀಯಾ?" ಎಂದು ಡಾಕ್ಟರು ಕೇಳಿದರು. ಆ ಸ್ವಲ್ಪ ಇನ್ನೂ ಮುಗಿದಿಲ್ಲ.

ಕಂಡಕಂಡಲ್ಲಿ ಒರಗುವ ಹಾಗಿಲ್ಲ. ಬಟ್ಟೆಯ ಕೆಳಗೆ ಕಬ್ಬಿಣದ ಕೊಳವೆ ಎಲ್ಲಿ ಹಾದಿದೆಯೋ ಅಲ್ಲಿಗೇ ಎದೆ ಕೊಡಬೇಕು. ಒಂದು ಗೇಣು ಆಚೀಚೆಯಾದರೆ ಬಟ್ಟೆ ಹರಿದೀತು. ಆಮೇಲೆ ಗಾಳಿ. ಮೂತಿಯ ಪಂಖ ಬೀಸುವ ಗಾಳಿಯೆಲ್ಲ ನೇರ ಬಾಲದ ಮೇಲೇ. ಹುಲ್ಲಿನ ಚೂರು, ಮರಳು, ಒಮ್ಮೊಮ್ಮೆ ಸಣ್ಣ ಕಲ್ಲು. ಹುಬ್ಬಿನ ಮೇಲೊಂದು ಗಾಯದ ಗುರುತಿದೆ. ಚಳಿಗಾಲದಲ್ಲಿ ಕಿವಿ ಮರಗಟ್ಟುತ್ತದೆ, ಎಡಭುಜ ವರ್ಷವಿಡೀ ನೋಯುತ್ತದೆ.

"ಆ ಗಾಳಿ ಮುಖಕ್ಕೆ ಹೊಡೆಯುವಾಗ ಕಣ್ಣು ಮುಚ್ಕೋತೀನಿ," ಎನ್ನುತ್ತಾರೆ. "ಮೇಲೆ ಹೋದ್ರೂ ಹೀಗೇ ಇರತ್ತೇನೋ ಅಂದ್ಕೋತೀನಿ. ಕಾಲು ಮಾತ್ರ ಹುಲ್ಲಲ್ಲೇ ಇರತ್ತೆ, ಹಾಳಾದ್ದು."

ವಿಮಾನದ ಮೂತಿಗೆ ಹೊದಿಸುವ ದಪ್ಪ ಬಟ್ಟೆಯ ಮುಸುಕನ್ನು ಹೊಲಿದವರು ಅವರ ಗಂಡ. ದರ್ಜಿ. ಇಷ್ಟು ದಪ್ಪ ಗಿರಾಕಿ ತನಗೆ ಇನ್ನೊಬ್ಬರಿಲ್ಲ ಎಂಬುದು ಅವರ ಹಳೆಯ ತಮಾಷೆ. "ಮದುವೆ ನನ್ನ ಜೊತೆ, ಸಂಸಾರ ವಿಮಾನದ ಜೊತೆ," ಎಂದು ಹೆಂಡತಿಯನ್ನು ರೇಗಿಸುತ್ತಾರೆ. "ಅದು ಗೊರಕೆ ಹೊಡೆಯಲ್ಲ," ಎಂದು ಬಾಲದಕ್ಕ ಬಾಯಿ ಮುಚ್ಚಿಸುತ್ತಾರೆ.

ವಿಮಾನ ಹೋದ ಮೇಲೂ ಆಸ್ಪತ್ರೆಯ ಕೆಲಸ ಇದ್ದೇ ಇದೆ, ಹೊಟ್ಟೆಪಾಡಿಗೆ ಕುತ್ತಿಲ್ಲ. ಕಳೆದುಹೋಗುವುದು ಬೇರೆ. ಡಾಕ್ಟರು ಹಾರುತ್ತಿದ್ದ ಕಾಲದಲ್ಲಿ ವಿಮಾನ ಇಳಿದ ಮೇಲೆ ರೆಕ್ಕೆಯ ಅಂಚಿಗೆ ಅಂಟಿದ ಹುಳಗಳನ್ನು ಬಿಸಿನೀರಲ್ಲಿ ನೆನೆಸಿ ತೆಗೆಯುವುದು ಬಾಲದಕ್ಕನ ಪಾಲಿನ ಕೆಲಸವಾಗಿತ್ತು. "ಕೆಲವು ಹುಳ ನಮ್ಮ ಕಡೆಯವಲ್ಲ. ಹಸಿರು ರೆಕ್ಕೆ, ಉದ್ದ ಕಾಲು. ಎಲ್ಲಿಗೆ ಹೋಗಿದ್ರಿ ಡಾಕ್ಟ್ರೇ ಅಂತ ನಾನು ಕೇಳ್ತಿರ್ಲಿಲ್ಲ. ಹುಳ ನೋಡ್ಕೊಂಡು ಸುಮ್ನೆ ಯೋಚಿಸ್ತಿದ್ದೆ, ಅಲ್ಲಿ ನೀರು ಜಾಸ್ತಿ ಇರ್ಬೇಕು, ಅಲ್ಲಿ ಕಾಡಿರ್ಬೇಕು."

ಹಾಗಾದರೆ ಡಾಕ್ಟರು ಒಮ್ಮೆಯೂ ಕರೆಯಲಿಲ್ಲವೇ? ಕರೆದರು. ಮೂರು ವರ್ಷದ ಹಿಂದೆ, ಒಂದು ಭಾನುವಾರ. ಬಾಲದಕ್ಕ ತಲೆ ಬಾಚಿ, ಹೊಸ ಚಪ್ಪಲಿ ಹಾಕಿಕೊಂಡು ಬಂದರು. ಇಂಜಿನ್ ಪರೀಕ್ಷೆಗೆ ಎಂದಿನಂತೆ ಬಾಲಕ್ಕೆ ಒರಗಿದರು. ಡಾಕ್ಟರು ಕಿಟಕಿಯಿಂದ ಕೈಬೀಸಿದರು. ಬೇರೆ ದಿನಗಳಲ್ಲಿ ಅದರ ಅರ್ಥ 'ಸರಿ, ಬಿಡು' ಎಂದು. ಅವತ್ತು 'ಬಾ, ಹತ್ತು' ಎಂದು. ಗಾಲಿಯ ಮರದ ತುಂಡು ಎಳೆಯಲು ಕಾವಲುಗಾರನನ್ನು ಮೊದಲೇ ನಿಲ್ಲಿಸಿದ್ದರು. ಅವನು ತುಂಡಿಗೆ ಕಟ್ಟಿದ ಹಗ್ಗಕ್ಕೆ ಬಗ್ಗುವಷ್ಟರಲ್ಲಿ ಬಾಲದಕ್ಕನ ಕೈ ಅಲ್ಲಿಗೆ ಹೋಗಿತ್ತು. ಎಳೆದರು, ಪಕ್ಕಕ್ಕೆ ಸರಿದರು, ದಿನದ ರೂಢಿಯಂತೆ ಹೆಬ್ಬೆರಳು ಎತ್ತಿ ತೋರಿಸಿದರು. ಡಾಕ್ಟರೂ ದಿನದ ರೂಢಿಯಂತೆ ಹೊರಟೇಬಿಟ್ಟರು.

"ಕೂಗ್ಬೇಕು ಅಂತ ಹೊಳೆಯೋ ಹೊತ್ತಿಗೆ ಗಾಲಿ ನೆಲ ಬಿಟ್ಟಿತ್ತು. ಕಾವಲುಗಾರ ನನ್ನ ಮುಖ ನೋಡ್ದ, ನಾನು ಅವನ ಮುಖ ನೋಡ್ದೆ. 'ಅಕ್ಕಾ, ನೀವು ಇಲ್ಲೇ ಇದೀರಲ್ಲ!' ಅಂದ. ಹೌದಪ್ಪ, ನಾನೂ ಈಗ್ಲೇ ನೋಡ್ತಿದೀನಿ ಅಂದೆ."

ಹಿಂದಿನ ಸೀಟು ಮುಂದಿನವರಿಗೆ ಕಾಣುವುದಿಲ್ಲ, ಇಂಜಿನ್ನಿನ ಸದ್ದಿನಲ್ಲಿ ಉಸಿರೂ ಕೇಳುವುದಿಲ್ಲ. ಮೇಲೆ ಡಾಕ್ಟರು ದಾರಿಯುದ್ದಕ್ಕೂ ಗಂಟಲು ಹರಿಯುವಂತೆ ಕೂಗಿ ಹೇಳುತ್ತಲೇ ಇದ್ದರಂತೆ: ಎಡಗಡೆ ನೋಡಮ್ಮ, ಕೆರೆ! ಅಗೋ, ನಮ್ಮ ಆಸ್ಪತ್ರೆ! ಅದೇ ನಿಮ್ಮ ಮನೆ, ಮಾಡಿನ ಮೇಲೆ ಬಟ್ಟೆ ಒಣಗ್ತಿದೆ! ಉತ್ತರ ಬಾರದಿದ್ದಾಗ, ಪಾಪ, ಹೆದರಿರಬೇಕು ಎಂದುಕೊಂಡರು. ಇಳಿದು, ಬೆಲ್ಟು ಬಿಚ್ಚಿ, "ಹೇಗಿತ್ತು?" ಎಂದು ಹಿಂದೆ ತಿರುಗಿದರೆ ಸೀಟು ಖಾಲಿ.

ಮೈದಾನದಲ್ಲಿ ಇದನ್ನು ಹೇಳಿ ನಗದವರಿಲ್ಲ. ಬಾಲದಕ್ಕನೂ ನಗುತ್ತಾರೆ. ನಗು ನಿಂತ ಮೇಲೆ ಮಾತ್ರ, "ಅವತ್ತು ನಮ್ಮ ಮನೆ ಮಾಡಿನ ಮೇಲೆ ನನ್ನ ನೀಲಿ ಹೊದಿಕೆ ಒಣಗ್ತಿತ್ತು. ಮೇಲಿಂದ ಎಷ್ಟು ದೊಡ್ಡದು ಕಾಣ್ತಿತ್ತೋ," ಎನ್ನುತ್ತಾರೆ.

ಅವತ್ತೇ ಮತ್ತೆ ಕರೆದೊಯ್ಯೋಣವೆಂದರೆ ಗಾಳಿ ಎದ್ದಿತು. ಮುಂದಿನ ವಾರ ಎಂದರು. ಮುಂದಿನ ವಾರ ಇಂಜಿನ್ ಬಿಚ್ಚಬೇಕಾಯಿತು. ಅದು ಸರಿಯಾಗುವ ಹೊತ್ತಿಗೆ ಡಾಕ್ಟರ ಹೃದಯ ಕೈಕೊಟ್ಟಿತ್ತು, ಹಾರುವ ಪರವಾನಗಿ ಹೋಯಿತು. ಆಮೇಲೆ ಎರಡು ವರ್ಷ, ಇಂಜಿನ್ ಜಡ್ಡುಗಟ್ಟದಿರಲೆಂದು ಭಾನುವಾರ ಅದನ್ನು ನಿಂತಲ್ಲೇ ಓಡಿಸುತ್ತಿದ್ದರು. ಡಾಕ್ಟರು ಮುಂದಿನ ಸೀಟಿನಲ್ಲಿ, ಬಾಲದಕ್ಕ ಬಾಲದ ಮೇಲೆ. ವಿಮಾನ ಗಡಗಡ ನಡುಗುತ್ತಿತ್ತು, ಹುಲ್ಲು ಮಲಗುತ್ತಿತ್ತು, ಇಬ್ಬರೂ ಎಲ್ಲಿಗೂ ಹೋಗುತ್ತಿರಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಗೇಟಿನಲ್ಲಿ ಎಲ್ ಬೋರ್ಡಿನ ಕಾರು ನಿಲ್ಲುತ್ತದೆ. ಇಳಿದವರು ವಿಮಾನ ಕೊಂಡವರು, ದೂರದ ಊರಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ಮೇಡಂ. ಚುರುಕು ಹೆಂಗಸು. ವ್ಯವಹಾರ ಕಳೆದ ವಾರವೇ ಮುಗಿದಿದೆ, ವಿಮಾನವನ್ನು ಬೀಳ್ಕೊಡಲು ಡಾಕ್ಟರೂ ಬಂದಿದ್ದಾರೆ. ಮುಸುಕು, ಏಣಿ, ಮರದ ತುಂಡು ಕಾರಿನಲ್ಲಿ ಹೋಗಲಿ, ವಿಮಾನದಲ್ಲಿ ತಾನೊಬ್ಬಳೇ ಸಾಕು ಎಂದು ಕಾರಿನ ಚಾಲಕನಿಗೆ ಹೇಳುತ್ತಾರೆ. ವಿಮಾನದ ಸುತ್ತ ಬರುತ್ತ ಬಾಲದ ಬುಡದಲ್ಲಿ ಬೆರಳಾಡಿಸಿ ನಿಲ್ಲುತ್ತಾರೆ. ಅಲ್ಲಿ ಹಳದಿ ಸವೆದು ಬಿಳಿಚಿದೆ, ಒಬ್ಬರ ತೋಳಿನಗಲ.

"ಇದೇನು ಡಾಕ್ಟರೇ, ಇಲ್ಲಿ ಬಣ್ಣ ಹೀಗಾಗಿದೆ?"

"ಅದಾ," ಡಾಕ್ಟರು ಹೇಳುತ್ತಾರೆ, "ಅದು ಇವರು."

ಮೇಡಂ ಬಾಲದಕ್ಕನನ್ನು ತಲೆಯಿಂದ ಕಾಲವರೆಗೆ ನೋಡುತ್ತಾರೆ. "ಪರವಾಗಿಲ್ಲ ಅಕ್ಕಾ, ಬಳಿಸ್ಕೋತೀನಿ. ಬ್ರೇಕೂ ಹೊಸದು ಹಾಕಿಸ್ತೀನಿ. ಬಾಲ ಹಿಡಿಯೋ ಗೋಜೇ ಬೇಡ, ಹಗ್ಗ ಕಟ್ಟಿದ್ರಾಯ್ತು."

"ಹಗ್ಗಕ್ಕೆ ಭುಜ ನೋಯಲ್ಲ, ಒಳ್ಳೇದೇ," ಎನ್ನುತ್ತಾರೆ ಬಾಲದಕ್ಕ.

ಮೇಡಂ ಹತ್ತಿ ಇಂಜಿನ್ ಶುರು ಮಾಡುತ್ತಾರೆ. ಬಾಲದಕ್ಕ ತಲೆಗೆ ಬಟ್ಟೆ ಬಿಗಿದು, ಆ ಬಿಳಿಚಿದ ಜಾಗಕ್ಕೇ ಎದೆ ಕೊಟ್ಟು, ಎರಡೂ ತೋಳಿನಿಂದ ತಬ್ಬುತ್ತಾರೆ. ಸದ್ದು ಏರುತ್ತದೆ. ವಿಮಾನ ಅವರ ಕೆಳಗೆ ಕುದಿಯುವ ಪಾತ್ರೆಯಂತೆ ಅದುರುತ್ತದೆ. ಕಣ್ಣು ಮುಚ್ಚಿದೆ. ಕಿಟಕಿಯಿಂದ ಕೈ ಬೀಸಿದ್ದು ಅವರಿಗೆ ಕಾಣುವುದಿಲ್ಲ. ಮೇಡಂ ಎರಡನೇ ಸಲ ಬೀಸುತ್ತಾರೆ. ಬಾಲದಕ್ಕ ಬಿಡುವುದಿಲ್ಲ. ಡಾಕ್ಟರು ಬಂದು ಬೆನ್ನು ತಟ್ಟಿದ ಮೇಲೆ ತೋಳು ಸಡಿಲಿಸುತ್ತಾರೆ.

ಎಣ್ಣೆ ಎಲ್ಲಾದರೂ ಸೋರಿದೆಯೇ ನೋಡಲು ಮೇಡಂ ಇಂಜಿನ್ ನಿಲ್ಲಿಸಿ ಇಳಿದು ಬರುತ್ತಾರೆ. ಸೋರಿಲ್ಲ. ಮೂತಿಯ ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಒಂದು ಕಾಲು ಒಳಗಿಡುತ್ತಾರೆ. ಮೈದಾನ ಎಷ್ಟು ನಿಶ್ಶಬ್ದವಾಗಿದೆಯೆಂದರೆ ಬಿಸಿ ಇಂಜಿನ್ ಟಿಕ್ ಟಿಕ್ ಎಂದು ಆರುವುದು ಕೇಳಿಸುತ್ತದೆ. ಬಾಲದಕ್ಕ ಹಿಂದಿನಿಂದ ಸುತ್ತಿ ಬಾಗಿಲ ಹತ್ತಿರ ಬರುತ್ತಾರೆ. ತಲೆಯ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದಿದ್ದಾರೆ.

"ಮೇಡಂ, ನನ್ನನ್ನ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಒಂದು ಸುತ್ತು ಹಾಕಿಸಿ. ಇಲ್ಲೇ, ಈ ಊರ ಮೇಲೆ. ಆಮೇಲೆ ನನ್ನ ಇಳಿಸಿ ಹೋಗಿ."

ಮೇಡಂ ಗಡಿಯಾರ ನೋಡುವುದಿಲ್ಲ, ಬಾಲದಕ್ಕನನ್ನೂ ನೋಡುವುದಿಲ್ಲ, ಡಾಕ್ಟರನ್ನು ನೋಡುತ್ತಾರೆ. ಡಾಕ್ಟರು ರೆಕ್ಕೆಯ ಆಸರೆ ಕಂಬಿ ಹಿಡಿದು ನೆಲ ನೋಡುತ್ತಿದ್ದಾರೆ.

"ಒಂದೇ ಸುತ್ತು," ಎನ್ನುತ್ತಾರೆ ಬಾಲದಕ್ಕ.